ಐದು ಉಸಿರು ಮೊದಲು: ಗರ್ಭಕೋಶದ ತಪಾಸಣೆ, ಚಿಕಿತ್ಸೆಗಳಲ್ಲಿ ನೋವಿಗೆ ಗ್ಯಾಸ್ ಎಳೆಯುವುದು ಹೇಗೆ

ಕಾಪರ್ ಟಿ ಹಾಕಿಸಿಕೊಳ್ಳುವಾಗ ಗ್ಯಾಸಿನ ಕೊಳವೆ ನನ್ನ ಕೈಗೆ ಬಂದದ್ದೂ ಒಳಗೆ ಇಕ್ಕಳ ಗರ್ಭಕಂಠವನ್ನು ಕಚ್ಚಿದ್ದೂ ಒಂದೇ ಗಳಿಗೆಯಲ್ಲಿ. "ಎಳೀರಿ, ಎಳೀರಿ" ಅಂದರು. ಎಳೆದೆ. ನೋವು ತನ್ನ ಪಾಡಿಗೆ ತಾನು ಬಂದು, ಕಿಬ್ಬೊಟ್ಟೆ ಹಿಂಡಿ, ಹೋಯಿತು. ಎಲ್ಲ ಮುಗಿದು ದಾರ ಕತ್ತರಿಸುವ ಹೊತ್ತಿಗೆ ನನ್ನ ತಲೆ ಹಗುರಾಯಿತು, ತುಟಿ ಜುಮ್ಮೆಂದಿತು, ಮೇಲಿನ ದೀಪ ನೋಡಿ ನಗು ಉಕ್ಕಿತು. ಡಾಕ್ಟರು ಕೈಗವಸು ಬಿಚ್ಚುತ್ತಿದ್ದರು. ನಾನು ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದೆ. ಗ್ಯಾಸಿನಿಂದ ಏನೂ ಪ್ರಯೋಜನವಿಲ್ಲ ಎಂದು ಅದಾದ ಮೇಲೆ ಎಷ್ಟೋ ಜನರಿಗೆ ಹೇಳಿದ್ದೇನೆ.

ಕೆಲವು ವರ್ಷ ಕಳೆದು, ಬೇರೆ ಕಡೆ, ಹಿಸ್ಟರೋಸ್ಕೋಪಿ, ಅಂದರೆ ಗರ್ಭಕೋಶದೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ, ಮಾಡಿಸಬೇಕಾಯಿತು. ಅಲ್ಲಿನ ನರ್ಸ್ ಇನ್ನೂ ಏನೂ ಶುರುವಾಗುವ ಮೊದಲೇ ಕೊಳವೆ ಕೈಗಿಟ್ಟು, "ಐದು ಉಸಿರು ನಿಧಾನಕ್ಕೆ ಎಳೆಯಿರಿ. ಎಳೆದಾದ ಮೇಲೆ ತಲೆಯಾಡಿಸಿ. ಅಲ್ಲಿಯವರೆಗೆ ಡಾಕ್ಟರು ಮುಟ್ಟುವುದಿಲ್ಲ" ಅಂದರು. ಅದೇ ಗ್ಯಾಸು, ಅದೇ ಮೈ. ನೋವು ಇರಲಿಲ್ಲ ಅಂತಲ್ಲ. ಇತ್ತು, ಆದರೆ ಪಕ್ಕದ ಕೋಣೆಯಲ್ಲಿ ಯಾರೋ ಜೋರಾಗಿ ಮಾತಾಡುತ್ತಿದ್ದ ಹಾಗೆ ಇತ್ತು. ಕೇಳಿಸುತ್ತದೆ, ನಮ್ಮ ಮೈಮೇಲೆ ಬರುವುದಿಲ್ಲ. ಎರಡು ಸಲದ ನಡುವಿನ ವ್ಯತ್ಯಾಸ ಸುಮಾರು ಮೂವತ್ತು ಸೆಕೆಂಡು. ಇದನ್ನು ಬರೆಯಲು ಕೂತದ್ದು ಆ ಮೂವತ್ತು ಸೆಕೆಂಡಿನ ಸಲುವಾಗಿ.

ಎಳೆಯುವುದು ಏನನ್ನು?

ಹೆಚ್ಚಾಗಿ ಸಿಗುವುದು ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕ ಅರ್ಧರ್ಧ ಬೆರೆತ ಗ್ಯಾಸ್. ಎಂಟೊನಾಕ್ಸ್ ಎಂಬ ಹೆಸರಲ್ಲಿ ಬಹಳ ಕಡೆ ಪರಿಚಿತ. ಹೆರಿಗೆ ಕೋಣೆಯಲ್ಲಿ ಇದನ್ನು ಎಳೆದವರು ಸಾಕಷ್ಟು ಮಂದಿ ಇದ್ದಾರೆ. ಹಳೆಯ ಸರಕು ಇದು. ರಸಾಯನ ವಿಜ್ಞಾನಿ ಹಂಫ್ರಿ ಡೇವಿ 1800ರಲ್ಲೇ ಈ ಗ್ಯಾಸಿಗೆ ನೋವು ಅಡಗಿಸುವ ಗುಣ ಇದೆಯೆಂದು ಬರೆದಿದ್ದ. ಆದರೂ ಜನ ಅದನ್ನು ನಗಿಸುವ ಗ್ಯಾಸ್ ಎಂದು ಮೋಜಿಗೆ ಎಳೆಯುತ್ತ ನಾಲ್ಕು ದಶಕ ಕಳೆದರು. ದಂತವೈದ್ಯ ಹೊರೇಸ್ ವೆಲ್ಸ್ ತನ್ನದೇ ಹಲ್ಲು ಕೀಳಿಸಿಕೊಂಡು ಪರೀಕ್ಷೆ ಮಾಡಿದ್ದು 1844ರಲ್ಲಿ. ಹೆರಿಗೆ ನೋವಿಗೆ ವೈದ್ಯ ಸ್ಟಾನಿಸ್ಲಾವ್ ಕ್ಲಿಕೊವಿಚ್ ಇದನ್ನು ಬಳಸಿದ್ದು 1881ರಲ್ಲಿ. ಎರಡೂ ಗ್ಯಾಸನ್ನು ಒಂದೇ ಸಿಲಿಂಡರಿನಲ್ಲಿ ಅರ್ಧರ್ಧ ಬೆರೆಸಿಡುವ ದಾರಿಯನ್ನು ಅರಿವಳಿಕೆ ವೈದ್ಯ ಮೈಕೆಲ್ ಟನ್‌ಸ್ಟಾಲ್ 1961ರಲ್ಲಿ ತೋರಿಸಿಕೊಟ್ಟ. ಈಗ ನಮ್ಮ ಕೈಗೆ ಬರುವುದು ಅದೇ ಮಿಶ್ರಣ.

ಇನ್ನೊಂದು ಮೆಥಾಕ್ಸಿಫ್ಲೂರೇನ್. ಪೆಂಥ್ರಾಕ್ಸ್ ಎಂಬ ಹೆಸರಿನ, ಹಸಿರು ಪೀಪಿಯಂಥ ಸಾಧನದಲ್ಲಿ ಬರುತ್ತದೆ. 3 ಮಿಲಿ ದ್ರವವನ್ನು ಅದರೊಳಗಿನ ಬತ್ತಿಗೆ ಸುರಿದು ಕೊಡುತ್ತಾರೆ. ಆವಿಯನ್ನು ನಾವು ಎಳೆಯಬೇಕು. ಇದರ ಚರಿತ್ರೆಯಲ್ಲಿ ಒಂದು ಕಪ್ಪು ಚುಕ್ಕೆ ಇದೆ, ಮುಚ್ಚಿಡುವುದು ಬೇಡ. 1960ರ ದಶಕದಲ್ಲಿ ಪೂರ್ತಿ ಅರಿವಳಿಕೆಗೆ ಗಂಟೆಗಟ್ಟಲೆ ಕೊಡುತ್ತಿದ್ದಾಗ ಇದರಿಂದ ಬಿಡುಗಡೆಯಾಗುವ ಫ್ಲೋರೈಡ್ ಮೂತ್ರಪಿಂಡವನ್ನು ಹಾಳುಮಾಡಿದ ಪ್ರಕರಣಗಳಿದ್ದವು. ಅಮೆರಿಕದಲ್ಲಿ 2005ರಲ್ಲಿ ಇದರ ಪರವಾನಗಿಯೇ ಹೋಯಿತು. ಆಸ್ಟ್ರೇಲಿಯಾದ ಆಂಬುಲೆನ್ಸುಗಳು ಮಾತ್ರ ನೋವಿಗೆಂದು ಸಣ್ಣ ಪ್ರಮಾಣದಲ್ಲಿ ದಶಕಗಳಿಂದ ಬಳಸುತ್ತ ಬಂದಿವೆ. ಬ್ರಿಟನ್ನಿನಲ್ಲಿ 2015ರಲ್ಲಿ ಅನುಮತಿ ಸಿಕ್ಕಿದ್ದು ವಯಸ್ಕರ ಗಾಯದ ನೋವಿಗೆ. ಪ್ರಮಾಣ ಸಣ್ಣದಿದ್ದರೆ ಮೂತ್ರಪಿಂಡಕ್ಕೆ ಆ ಭಯವಿಲ್ಲ, ಆದ್ದರಿಂದಲೇ ಮಿತಿ ಕಟ್ಟುನಿಟ್ಟು: ದಿನಕ್ಕೆ 6 ಮಿಲಿ, ವಾರಕ್ಕೆ 15 ಮಿಲಿ ಮೀರುವಂತಿಲ್ಲ, ದಿನ ಬಿಟ್ಟು ದಿನವಲ್ಲದೆ ಸಾಲಾಗಿ ಎಳೆಯುವುದೂ ಸಲ್ಲ.

ಎರಡರಲ್ಲೂ ನೀವು ಎಚ್ಚರವಾಗಿಯೇ ಇರುತ್ತೀರಿ, ಮಾತಾಡುತ್ತೀರಿ, ಬೇಡವೆನ್ನಬಲ್ಲಿರಿ. ಇದು ಮಂಪರಿನ ಇಂಜೆಕ್ಷನ್ ಅಲ್ಲ, ಅರಿವಳಿಕೆಯೂ ಅಲ್ಲ.

ಆಸೆ ಎಷ್ಟಿಟ್ಟುಕೊಳ್ಳಬೇಕು?

ಗ್ಯಾಸ್ ಗರ್ಭಕಂಠವನ್ನು ಮರಗಟ್ಟಿಸುವುದಿಲ್ಲ. ಕೆಲಸ ಮಾಡುವುದು ಮಿದುಳಿನಲ್ಲಿ, ನೋವಿನ ಹರಿತ ಕಡಿಮೆ ಮಾಡುತ್ತ, ಗಾಬರಿ ಇಳಿಸುತ್ತ. ಗರ್ಭಕಂಠದ ನೋವು ಬೆನ್ನುಹುರಿಯ ಬುಡದ ನರಗಳಿಂದ ಹೋಗುತ್ತದೆ. ಗರ್ಭಕೋಶದ ಮೇಲ್ಭಾಗದ ಹಿಂಡುವ ನೋವಿಗೆ ಅದಕ್ಕಿಂತ ಮೇಲಿನ ನರಗಳ ಹಾದಿ. ಗರ್ಭಕಂಠದ ಸುತ್ತ ಚುಚ್ಚುವ, ಮರಗಟ್ಟಿಸುವ ಔಷಧ ಲಿಡೊಕೇನ್ ಮೊದಲನೆಯದನ್ನು ಚೆನ್ನಾಗಿ ತಡೆದರೂ ಎರಡನೆಯದನ್ನು ಅಷ್ಟಾಗಿ ತಡೆಯುವುದಿಲ್ಲ. ಗ್ಯಾಸಿಗೆ ಈ ಭೇದವಿಲ್ಲ, ಎರಡನ್ನೂ ಸ್ವಲ್ಪ ಸ್ವಲ್ಪ ಮಂಕಾಗಿಸುತ್ತದೆ. ಹಾಗಾಗಿ ಇವೆರಡರಲ್ಲಿ ಯಾವುದು ಎಂದು ಆರಿಸುವ ಬದಲು ಎರಡೂ ಸಿಗುತ್ತವೆಯೇ ಎಂದು ಕೇಳುವುದೇ ಜಾಣತನ. "ಗ್ಯಾಸ್ ಕೊಡುತ್ತೇವಲ್ಲ, ಇಂಜೆಕ್ಷನ್ ಯಾಕೆ" ಅನ್ನುವ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಕಾಪರ್ ಟಿ ಹಾಕುವಾಗ ನೈಟ್ರಸ್ ಆಕ್ಸೈಡ್ ಕೊಟ್ಟು ನೋಡಿದ ಅಧ್ಯಯನದಲ್ಲಿ ಒಂದು ವಿಚಿತ್ರ ಕಂಡಿತು: ನೋವಿನ ಅಂಕ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ, ಆದರೆ ಗ್ಯಾಸ್ ಎಳೆದವರು ಹೆಚ್ಚು ಸಮಾಧಾನದಿಂದ ಮನೆಗೆ ಹೋದರು. ನನಗೆ ಇದು ಅಚ್ಚರಿಯಲ್ಲ. ಕೊಳವೆ ನಮ್ಮ ಕೈಯಲ್ಲಿರುವುದೇ ಒಂದು ಬಲ. ಆದರೂ ಅಂಕ ಇಳಿಯಲಿಲ್ಲ ಎಂಬುದನ್ನು ಮರೆಯಬೇಡಿ. ಇದರಿಂದ ನೋವು ಪೂರ್ತಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹೆಜ್ಜೆ 1: ದಿನ ಗೊತ್ತುಮಾಡುವಾಗಲೇ ಕೇಳಿ

ಮೇಜಿನ ಮೇಲೆ ಮಲಗಿದ ಮೇಲೆ ಕೇಳಿದರೆ ಉತ್ತರ ಯಾವಾಗಲೂ "ಇನ್ನೇನು, ಎರಡೇ ನಿಮಿಷ". ಸಿಲಿಂಡರ್ ಆ ಕೋಣೆಯಲ್ಲಿರಬೇಕು, ಅದನ್ನು ಬಳಸಲು ಕಲಿತ ನರ್ಸ್ ಅಂದು ಇರಬೇಕು. ಆದ್ದರಿಂದ ಫೋನಿನಲ್ಲೇ ಕೇಳಿ: ಎಳೆಯುವ ಗ್ಯಾಸ್ ಇದೆಯೇ, ಯಾವುದು? ಅದರ ಜೊತೆ ಗರ್ಭಕಂಠಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತೀರಾ? ಸಾಕಾಗದಿದ್ದರೆ ಇನ್ನೊಂದು ದಿನ ಮಂಪರು ಅಥವಾ ಪೂರ್ತಿ ಅರಿವಳಿಕೆಯಲ್ಲಿ ಮಾಡುವ ದಾರಿ ಇದೆಯೇ?

ಮೂರನೆಯ ಪ್ರಶ್ನೆ ಬಹಳ ಮುಖ್ಯ. ಇನ್ನೊಂದು ದಾರಿ ಇದೆ ಎಂದು ಗೊತ್ತಿದ್ದವರಿಗೆ ಮೊದಲನೆಯ ದಾರಿಯೂ ಸಲೀಸು. ಮುಟ್ಟಿನ ನೋವು ವಿಪರೀತ ಇರುವವರು, ಮಗು ಹೆರದವರು, ಮುಟ್ಟು ನಿಂತು ಗರ್ಭಕಂಠ ಕಿರಿದಾದವರು, ಹಿಂದೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಪ್ಯಾಪ್ ಸ್ಮಿಯರ್‌ನಲ್ಲೇ ಒದ್ದಾಡಿದವರು, ಯಾರಿಂದಲೋ ಹಿಂಸೆ ಅನುಭವಿಸಿದ ನೆನಪಿರುವವರು ಇದನ್ನು ಸಂಕೋಚವಿಲ್ಲದೆ ಮೊದಲೇ ಹೇಳಿ. ಕೊನೆಯದಕ್ಕೆ ವಿವರ ಕೊಡಬೇಕಿಲ್ಲ. "ಒಳಗಿನ ಪರೀಕ್ಷೆ ನನಗೆ ಕಷ್ಟ" ಅಂದರೆ ಸಾಕು.

ಹೆಜ್ಜೆ 2: ನಿಮ್ಮ ಮೈಯ ವಿಷಯ ಬಚ್ಚಿಡಬೇಡಿ

ಬೇಸರವಾದರೂ ಈ ಭಾಗ ಹಾರಿಸಬೇಡಿ. "ಬರೀ ಗ್ಯಾಸ್ ತಾನೆ" ಎಂದುಕೊಂಡು ಹೇಳದೆ ಬಿಡುವ ಸಂಗತಿಗಳಲ್ಲೇ ಅಪಾಯ ಅಡಗಿರುವುದು.

ನೈಟ್ರಸ್ ಆಕ್ಸೈಡ್ ರಕ್ತದಲ್ಲಿ ಸಾರಜನಕಕ್ಕಿಂತ ಮೂವತ್ತಕ್ಕೂ ಹೆಚ್ಚು ಪಟ್ಟು ಕರಗುತ್ತದೆ. ಮೈಯೊಳಗೆ ಎಲ್ಲಾದರೂ ಗಾಳಿ ಸಿಕ್ಕಿಕೊಂಡಿದ್ದರೆ ಸಾರಜನಕ ಹೊರಬರುವುದಕ್ಕಿಂತ ಬೇಗ ಇದು ಒಳನುಗ್ಗಿ ಆ ಗಾಳಿಗುಳ್ಳೆಯನ್ನು ಉಬ್ಬಿಸುತ್ತದೆ. ಶ್ವಾಸಕೋಶದ ಸುತ್ತ ಗಾಳಿ ಸೋರಿದವರಿಗೆ, ಕರುಳು ಕಟ್ಟಿಕೊಂಡವರಿಗೆ, ಈಚೆಗೆ ಕಿವಿಯ ಒಳಭಾಗದ ಶಸ್ತ್ರಚಿಕಿತ್ಸೆಯಾದವರಿಗೆ, ಒಂದೆರಡು ದಿನದ ಹಿಂದಷ್ಟೇ ಸಮುದ್ರದಾಳಕ್ಕೆ ಡೈವಿಂಗ್ ಮಾಡಿ ಬಂದವರಿಗೆ ಇದು ಬೇಡ. ಎಲ್ಲಕ್ಕಿಂತ ಸುಲಭವಾಗಿ ಮರೆತುಹೋಗುವುದು ಕಣ್ಣು. ರೆಟಿನಾ ಕಿತ್ತುಬಂದದ್ದಕ್ಕೆ ಶಸ್ತ್ರಚಿಕಿತ್ಸೆ ಮಾಡಿ ಕಣ್ಣೊಳಗೆ ಗ್ಯಾಸಿನ ಗುಳ್ಳೆ ಬಿಟ್ಟಿದ್ದರೆ ಅದು ಕರಗಲು ವಾರಗಳು ಹಿಡಿಯುತ್ತವೆ. ಆ ಅವಧಿಯಲ್ಲಿ ನೈಟ್ರಸ್ ಎಳೆದರೆ ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು. ಸ್ತ್ರೀರೋಗ ವಿಭಾಗದಲ್ಲಿ ಕಣ್ಣಿನ ಆಪರೇಷನ್ ಬಗ್ಗೆ ಯಾರೂ ಕೇಳಲಿಕ್ಕಿಲ್ಲ. ನೀವೇ ಹೇಳಬೇಕು.

ಬಿ12 ವಿಟಮಿನ್ನಿನ ವಿಷಯ ಇನ್ನೊಂದು. ನೈಟ್ರಸ್ ಆಕ್ಸೈಡ್ ಈ ವಿಟಮಿನ್ನಿನ ನಡುವಿರುವ ಕೋಬಾಲ್ಟನ್ನು ಕೆಡಿಸಿ ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಆರೋಗ್ಯವಂತರು ಒಮ್ಮೆ ಹತ್ತು ನಿಮಿಷ ಎಳೆದರೆ ಚಿಂತೆಯಿಲ್ಲ. ಮೊದಲೇ ಬಿ12 ತೀರಾ ಕಡಿಮೆ ಇರುವವರಿಗೆ ನರಗಳ ತೊಂದರೆ ಎದ್ದುಬರಬಹುದು. ಅಂಡಾಶಯದ ಹಾರ್ಮೋನ್ ತೊಂದರೆಯಾದ ಪಿಸಿಓಎಸ್‌ಗೆಂದು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುತ್ತಿರುವವರು ಇಲ್ಲಿ ಸ್ವಲ್ಪ ಕಿವಿಗೊಡಿ, ಆ ಮಾತ್ರೆ ಬಿ12 ಇಳಿಸುತ್ತದೆ. ಪ್ರಾಣಿಜನ್ಯ ಆಹಾರ ಮುಟ್ಟದವರು, ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು, ಕೈಕಾಲು ಜೋಮು ಹಿಡಿಯುತ್ತಿರುವವರು ಒಂದು ರಕ್ತಪರೀಕ್ಷೆ ಮಾಡಿಸಿಕೊಂಡು ಹೋಗುವುದು ಒಳ್ಳೆಯದು.

ಮೆಥಾಕ್ಸಿಫ್ಲೂರೇನ್ ಆದರೆ ಪ್ರಶ್ನೆಗಳೇ ಬೇರೆ. ಮೂತ್ರಪಿಂಡ ಸರಿಯಿದೆಯೇ? ಹಿಂದೆ ಅರಿವಳಿಕೆ ಕೊಟ್ಟಾಗ ಲಿವರಿಗೆ ಪೆಟ್ಟು ಬಿದ್ದಿತ್ತೇ? ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯಲ್ಲಿ ಮೈ ವಿಪರೀತ ಕಾವೇರಿ ಜೀವಕ್ಕೇ ಕುತ್ತು ಬಂದಿತ್ತೇ? ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ ಎಂಬ ಆ ತೊಂದರೆ ವಂಶದಲ್ಲಿ ಹರಿದು ಬರುತ್ತದೆ, ಅಂಥವರು ಈ ಹಸಿರು ಪೀಪಿಯನ್ನು ಮುಟ್ಟಲೇಬಾರದು. ಕ್ಷಯಕ್ಕೆ ರಿಫಾಂಪಿಸಿನ್, ಐಸೋನಿಯಾಜಿಡ್ ತೆಗೆದುಕೊಳ್ಳುತ್ತಿದ್ದರೆ, ಫಿಟ್ಸಿಗೆ ಕಾರ್ಬಮಜೆಪಿನ್ ಅಥವಾ ಫೀನೋಬಾರ್ಬಿಟಾಲ್ ಇದ್ದರೆ, ಟೆಟ್ರಾಸೈಕ್ಲಿನ್ ಗುಂಪಿನ ಆಂಟಿಬಯಾಟಿಕ್ ಅಥವಾ ಜೆಂಟಾಮೈಸಿನ್ ನಡೆಯುತ್ತಿದ್ದರೆ ಹೇಳಿ.

ನಿದ್ದೆ ಮಾತ್ರೆ, ಆತಂಕದ ಮಾತ್ರೆ, ಟ್ರಮಡಾಲಿನಂಥ ಗಟ್ಟಿ ನೋವು ನಿವಾರಕ, ಮದ್ಯ ಇವು ಎರಡೂ ಗ್ಯಾಸಿನ ಜೊತೆ ಸೇರಿ ಮಂಪರನ್ನು ಹೆಚ್ಚಿಸುತ್ತವೆ. ಗರ್ಭಿಣಿಯಾಗಿರುವ ಅನುಮಾನವಿದ್ದರೆ ಅದನ್ನೂ ಹೇಳಿ. ಹಾಲೂಡಿಸುವ ತಾಯಂದಿರಿಗೆ ನೈಟ್ರಸ್ ಅಡ್ಡಿಯಿಲ್ಲ, ಅದು ಮೈಯಲ್ಲಿ ನಿಲ್ಲುವುದೇ ನಿಮಿಷಗಳ ಲೆಕ್ಕದಲ್ಲಿ.

ಹೆಜ್ಜೆ 3: ಅವತ್ತಿನ ದಿನ

ಡಾಕ್ಟರು ಬರಿಹೊಟ್ಟೆಯಲ್ಲಿ ಬನ್ನಿ ಎಂದು ಹೇಳಿರದಿದ್ದರೆ ಒಂದೆರಡು ಗಂಟೆ ಮೊದಲು ಹಗುರವಾಗಿ ತಿನ್ನಿ. ಬರಿಹೊಟ್ಟೆಗೆ ತಲೆ ಸುತ್ತುತ್ತದೆ, ತುಂಬಿದ ಹೊಟ್ಟೆಗೆ ಗ್ಯಾಸ್ ವಾಕರಿಕೆ ತರುತ್ತದೆ. ಐಬುಪ್ರೊಫೆನ್‌ನಂಥ ಮಾತ್ರೆ ಒಗ್ಗುವವರು ಸುಮಾರು ಒಂದು ಗಂಟೆ ಮೊದಲು ನುಂಗಿದರೆ ಆಮೇಲಿನ ಹಿಂಡುವ ನೋವಿಗೆ ಅನುಕೂಲ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಆ ಮಾತ್ರೆಗೆ ಕೆರಳುವ ಆಸ್ತಮಾ ಇದ್ದವರಿಗೆ ಇದು ಸಲ್ಲದು. ಗ್ಯಾಸಿನ ಪರಿಣಾಮ ಕೊಳವೆ ಬಿಟ್ಟ ಕೆಲವೇ ನಿಮಿಷಕ್ಕೆ ಇಳಿದುಹೋಗುತ್ತದೆ, ಗರ್ಭಕೋಶದ ಸೆಳೆತ ಮಾತ್ರ ಮನೆಗೆ ಹೋಗುವವರೆಗೂ ಇರಬಹುದು. ಆ ಹೊತ್ತಿನಲ್ಲಿ ಕೆಲಸಕ್ಕೆ ಬರುವುದು ಮಾತ್ರೆಯೇ.

ಸಡಿಲ ಬಟ್ಟೆ, ಒಂದು ಪ್ಯಾಡ್, ಜೊತೆಗೆ ಒಬ್ಬರು. ಲಿಪ್‌ಸ್ಟಿಕ್ ಬೇಡ, ನಿಮ್ಮ ತುಟಿಯ ಬಣ್ಣ ನರ್ಸಿಗೆ ಕಾಣಬೇಕು.

ಹೆಜ್ಜೆ 4: ಕೊಳವೆಯ ಜೊತೆ ಎರಡು ನಿಮಿಷ

ಬಟ್ಟೆ ಬದಲಿಸಿ ಮಲಗುವ ಮೊದಲು, ಇನ್ನೂ ಕೂತಿರುವಾಗಲೇ ಒಮ್ಮೆ ಅಭ್ಯಾಸ ಮಾಡಿಸಿ ಎಂದು ಕೇಳಿ. ನೈಟ್ರಸ್ ಸಿಲಿಂಡರಿನ ಕವಾಟ ತಾನಾಗಿ ಗ್ಯಾಸ್ ಬಿಡುವುದಿಲ್ಲ, ನೀವು ಎಳೆದಾಗ ಮಾತ್ರ ತೆರೆದುಕೊಳ್ಳುತ್ತದೆ. ತೆರೆದಾಗ ಸುಯ್ಯೆಂದೋ ಟಕ್ಕೆಂದೋ ಸದ್ದು ಬರುತ್ತದೆ. ಆ ಸದ್ದೇ ನಿಮ್ಮ ಗುರುತು. ಸದ್ದಿಲ್ಲ ಅಂದರೆ ಕೋಣೆಯ ಗಾಳಿ ಕುಡಿಯುತ್ತಿದ್ದೀರಿ ಅಂತಲೇ ಅರ್ಥ. ಬಾಯಿಗಿಡುವ ಕೊಳವೆಯಾದರೆ ಹಲ್ಲಿನ ನಡುವೆ ಇಟ್ಟು ತುಟಿ ಬಿಗಿಯಾಗಿ ಮುಚ್ಚಿ. ಮೂಗಿನಿಂದ ಉಸಿರಾಡುವುದು ಹೊಸಬರು ಮಾಡುವ ದೊಡ್ಡ ತಪ್ಪು. ಮಾಸ್ಕಾದರೆ ಮೂಗಿನ ಸೇತುವೆಯ ಬಳಿ ಸಂದಿ ಉಳಿಯದಂತೆ ಒತ್ತಿ ಹಿಡಿಯಿರಿ.

ಉಸಿರು ನಿಧಾನ, ಆಳ. ಮೂರು ಎಣಿಸುತ್ತ ಒಳಗೆ, ಮೂರು ಎಣಿಸುತ್ತ ಹೊರಗೆ. ಗಾಬರಿಯಲ್ಲಿ ನಾಯಿಯ ಹಾಗೆ ತೇಕಿದರೆ ಗ್ಯಾಸ್ ಏರುವುದಕ್ಕಿಂತ ಮೊದಲು ಬೆರಳು ಜೋಮು ಹಿಡಿದು ತಲೆ ತಿರುಗುತ್ತದೆ, ಆ ತಪ್ಪು ಗ್ಯಾಸಿನದಲ್ಲ. ಉಸಿರನ್ನು ಬಿಡುವುದೂ ಕೊಳವೆಯೊಳಕ್ಕೇ. ನಿಮಗೆ ಒಂದು ದಿನದ ಮಾತು. ಆ ಕೋಣೆಯ ನರ್ಸಿಗೆ ದಿನವೂ ಅದೇ ಗಾಳಿ.

ಹಸಿರು ಪೀಪಿಯ ಕ್ರಮ ತುಸು ಬೇರೆ. ಹಣ್ಣಿನಂಥ ಒಂದು ಗಾಢ ವಾಸನೆ ಗಂಟಲಿಗೆ ತಾಗಿ ಕೆಮ್ಮು ಬರಬಹುದು, ಆದ್ದರಿಂದ ಮೊದಲ ಒಂದೆರಡು ಉಸಿರು ಮೆಲ್ಲಗಿರಲಿ, ಆಮೇಲೆ ಆಳವಾಗಿ ಎಳೆಯಿರಿ. ಇದರ ಮೇಲಿನ ಇದ್ದಿಲ ಡಬ್ಬಿಯಲ್ಲಿ ಒಂದು ಚಿಕ್ಕ ತೂತಿದೆ. ತೂತು ತೆರೆದಿದ್ದರೆ ಹೊರಗಾಳಿ ಬೆರೆತು ಆವಿ ತೆಳುವಾಗುತ್ತದೆ. ಬೆರಳಿಟ್ಟು ಮುಚ್ಚಿ ಎಳೆದರೆ ಗಟ್ಟಿಯಾಗುತ್ತದೆ. ನೋವಿನ ಗಳಿಗೆಗೆ ಮುಚ್ಚಿ, ಉಳಿದಂತೆ ತೆರೆದಿಡಿ. ಒಂದು ತುಂಬುವಿಕೆ ಒಂದೇ ಸಮನೆ ಎಳೆದರೆ 25ರಿಂದ 30 ನಿಮಿಷ, ಬಿಟ್ಟು ಬಿಟ್ಟು ಎಳೆದರೆ ಇನ್ನೂ ಹೆಚ್ಚು ಬರುತ್ತದೆ. ಇಲ್ಲೂ ಉಸಿರು ಬಿಡುವುದು ಪೀಪಿಯೊಳಕ್ಕೇ. ಹೊರಬರುವ ಆವಿಯನ್ನು ಇದ್ದಿಲು ಹೀರಿಕೊಳ್ಳುತ್ತದೆ.

ಒಂದು ನಿಯಮಕ್ಕೆ ಮಾತ್ರ ವಿನಾಯಿತಿ ಇಲ್ಲ. ಕೊಳವೆ ನಿಮ್ಮ ಕೈಯಲ್ಲೇ ಇರಬೇಕು. ಗಂಡ, ತಾಯಿ, ಗೆಳತಿ, ನರ್ಸ್ ಯಾರೂ ನಿಮ್ಮ ಬಾಯಿಗೆ ಒತ್ತಿ ಹಿಡಿಯಬಾರದು. ಹೆಚ್ಚು ಮಂಪರಾದರೆ ಕೈ ಸಡಿಲವಾಗಿ ಕೊಳವೆ ತಾನಾಗಿ ಜಾರುತ್ತದೆ, ನೀವು ಮತ್ತೆ ಗಾಳಿ ಉಸಿರಾಡುತ್ತೀರಿ. ಇದರ ಸುರಕ್ಷತೆ ನಿಂತಿರುವುದೇ ಆ ಜಾರುವಿಕೆಯ ಮೇಲೆ. ಪ್ರೀತಿಯಿಂದ ಹಿಡಿದುಕೊಡುವ ಕೈ ಆ ರಕ್ಷಣೆಯನ್ನೇ ತಪ್ಪಿಸುತ್ತದೆ.

ಹೆಜ್ಜೆ 5: ನೋವು ಬರುವ ಜಾಗ ತಿಳಿದು, ಅದಕ್ಕೂ ಮೊದಲು ಎಳೆಯಿರಿ

ನೈಟ್ರಸ್ ಕೆಲಸ ಶುರುಮಾಡಲು ಇಪ್ಪತ್ತು ಮೂವತ್ತು ಸೆಕೆಂಡು ಬೇಕು, ಪೂರ್ತಿ ಏರಲು ಸುಮಾರು ಒಂದು ನಿಮಿಷ. ಆರು ಸೆಕೆಂಡಿಗೊಂದು ಉಸಿರಾದರೆ ಐದು ಉಸಿರಿಗೆ ಅರ್ಧ ನಿಮಿಷ. ಐದು ಕನಿಷ್ಠ, ಎಂಟು ಹತ್ತಾದರೆ ಇನ್ನೂ ಒಳ್ಳೆಯದು. ಮೆಥಾಕ್ಸಿಫ್ಲೂರೇನಿಗೆ ಐದು ಸಾಲದು. ಆರರಿಂದ ಹತ್ತು ಉಸಿರಿಗೆ ನೋವು ಇಳಿಯತೊಡಗುತ್ತದೆ, ಆದ್ದರಿಂದ ಅದನ್ನು ಇನ್ನೂ ಎರಡು ಮೂರು ನಿಮಿಷ ಮುಂಚೆ ಶುರುಮಾಡಿ.

ಈ ಲೆಕ್ಕ ಕೆಲಸಕ್ಕೆ ಬರಬೇಕಾದರೆ ನೋವು ಎಲ್ಲಿ ಬರುತ್ತದೆ ಎಂಬುದು ಗೊತ್ತಿರಬೇಕು. ಇಡೀ ಹೊತ್ತು ಎಳೆಯುತ್ತಲೇ ಇದ್ದರೆ ವಾಕರಿಕೆ ಹೆಚ್ಚು.

ಕಾಪರ್ ಟಿ ಅಥವಾ ಹಾರ್ಮೋನ್ ಸಾಧನ ಹಾಕುವಾಗ ಮೂರು ಗಳಿಗೆ: ಗರ್ಭಕಂಠವನ್ನು ಟೆನಾಕ್ಯುಲಮ್ ಎಂಬ ಇಕ್ಕಳ ಹಿಡಿಯುವಾಗ ಚುಚ್ಚು, ಗರ್ಭಕೋಶದ ಆಳ ಅಳೆಯುವ ಕಡ್ಡಿ ಒಳಬಾಯಿ ದಾಟುವಾಗ ಹಿಂಡು, ಸಾಧನ ಬಿಚ್ಚಿಕೊಳ್ಳುವಾಗ ಮತ್ತೊಂದು ಹಿಂಡು. ಮೂರೂ ಒಂದರ ಹಿಂದೆ ಒಂದು ಬರುವುದರಿಂದ ಇಕ್ಕಳಕ್ಕೆ ಮೊದಲೇ ಶುರುಮಾಡಿ ಸಾಧನ ಕೂರುವವರೆಗೆ ಬಿಡಬೇಡಿ. ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಹಾಕಿ ಔಷಧದಿಂದ ಒರೆಸುವಾಗಲೇ "ಈಗ ಎಳೆಯಲಾ?" ಎಂದು ಕೇಳುವುದು ಸರಿಯಾದ ಹೊತ್ತು.

ಹಿಸ್ಟರೋಸ್ಕೋಪಿಯಲ್ಲಿ ಕ್ಯಾಮೆರಾ ಗರ್ಭಕಂಠದ ಒಳಬಾಯಿ ದಾಟುವ ಕ್ಷಣ ಒಂದು, ಉಪ್ಪುನೀರು ಗರ್ಭಕೋಶವನ್ನು ಹಿಗ್ಗಿಸುವಾಗ ಇನ್ನೊಂದು, ಪರೀಕ್ಷೆಗೆ ಚೂರು ತೆಗೆದರೆ ಮತ್ತೊಂದು. ತೆಳ್ಳನೆಯ ಕ್ಯಾಮೆರಾವನ್ನು ಸ್ಪೆಕ್ಯುಲಮ್, ಇಕ್ಕಳ ಎರಡೂ ಇಲ್ಲದೆ ಒಳಬಿಡುವ ವಿಧಾನವೂ ಇದೆ, ಅದರಲ್ಲಿ ನೋವು ಕಡಿಮೆ. ಕೇಳಿ ನೋಡಿ. ನೀರಿನ ಒತ್ತಡ ಇಳಿಸಲೂ ಬರುತ್ತದೆ. "ಹಿಗ್ಗುತ್ತಿದೆ, ತಡೆಯಲಾಗುತ್ತಿಲ್ಲ" ಅಂದರೆ ಡಾಕ್ಟರಿಗೆ ಅರ್ಥವಾಗುತ್ತದೆ.

ಗರ್ಭಕೋಶದ ಒಳಪದರದ ಬಯಾಪ್ಸಿಯಲ್ಲಿ ಸಣ್ಣ ಕೊಳವೆ ಹೀರುವ ಹತ್ತಾರು ಸೆಕೆಂಡು ಮಾತ್ರ ಕಷ್ಟ. ಇಷ್ಟು ಚಿಕ್ಕ ನೋವಿಗೆ ನೈಟ್ರಸ್ ಹೇಳಿ ಮಾಡಿಸಿದಂತಿದೆ, ಐದು ಉಸಿರು ಮೊದಲು ಎಳೆದಿದ್ದರೆ.

ಗರ್ಭಕಂಠವನ್ನು ಹಿಗ್ಗಿಸಿ ತೋರಿಸುವ ಮಸೂರದಿಂದ ನೋಡುವ ಕಾಲ್ಪೊಸ್ಕೋಪಿಯಲ್ಲಿ ವಿನೆಗರ್ ದ್ರಾವಣ ಹಚ್ಚಿ ನೋಡುವುದಕ್ಕೆ ಗ್ಯಾಸ್ ಬೇಕಾಗುವುದು ಅಪರೂಪ. ಕೆಟ್ಟ ಭಾಗವನ್ನು ತಂತಿಯ ಕುಣಿಕೆಯಿಂದ ಕತ್ತರಿಸುವುದಾದರೆ ಗರ್ಭಕಂಠವನ್ನು ಇಂಜೆಕ್ಷನ್ನಿನಿಂದ ಮರಗಟ್ಟಿಸಿರುತ್ತಾರೆ. ಅಲ್ಲಿ ಗ್ಯಾಸ್ ಬೇಕಾಗುವುದು ಆ ಸೂಜಿಗೆ. ಇಂಜೆಕ್ಷನ್ ಒಳಹೋದ ಮೇಲೆ ಎದೆ ಡವಡವ ಅಂದರೆ, ಕಾಲು ನಡುಗಿದರೆ ಹೆದರಬೇಡಿ, ಅದರಲ್ಲಿ ಬೆರೆಸಿದ ಅಡ್ರಿನಲಿನ್‌ನಿಂದ ಹಾಗಾಗಬಹುದು.

ಗರ್ಭನಾಳ ತೆರೆದಿದೆಯೇ ಎಂದು ಬಣ್ಣ ಬಿಟ್ಟು ಎಕ್ಸ್‌ರೇ ತೆಗೆಯುವಾಗ, ಗರ್ಭಪಾತದ ನಂತರ ಕೈಪಂಪಿನಿಂದ ಗರ್ಭಕೋಶ ಖಾಲಿ ಮಾಡುವಾಗ ಹಿಂಡುವ ನೋವು ಜಾಸ್ತಿ. ಪಂಪಿನ ವಿಷಯದಲ್ಲಿ ನೋವು ತೀರಾ ಏರುವುದು ಕೊನೆಗೆ, ಗರ್ಭಕೋಶ ಖಾಲಿಯಾಗಿ ಮುದುಡಿಕೊಳ್ಳುವಾಗ. "ಇನ್ನೇನು ಮುಗಿಯಿತು" ಎಂದು ಕೇಳಿದ ತಕ್ಷಣ ಕೊಳವೆ ಕೆಳಗಿಡಬೇಡಿ. ಈ ಚಿಕಿತ್ಸೆಗೆ ಬರೀ ಗ್ಯಾಸ್ ಸಾಲದು, ಗರ್ಭಕಂಠದ ಸುತ್ತ ಇಂಜೆಕ್ಷನ್ ಬೇಕೇ ಬೇಕು.

ಹೆಜ್ಜೆ 6: ಏರಿದಾಗ ಹೇಗಿರುತ್ತದೆ

ಮೊದಲು ತುಟಿಯ ಸುತ್ತ ಇರುವೆ ಹರಿದಂತೆ. ಮಾತುಗಳು ದೂರ ಸರಿಯುತ್ತವೆ, ಡಾಕ್ಟರ ದನಿ ಕೊಡದೊಳಗಿಂದ ಬಂದ ಹಾಗೆ ಮೊಳಗುತ್ತದೆ. ಮಂಚ ಮೆಲ್ಲಗೆ ತೂಗುತ್ತದೆ. ಕೆಲವರಿಗೆ ನಗು, ಕೆಲವರಿಗೆ ಅಳು, ನನಗೆ ಎರಡೂ. ಕೆಲವರಿಗೆ ಈ ತೇಲುವಿಕೆಯೇ ಹಿಡಿಸುವುದಿಲ್ಲ, ಮೈ ತನ್ನ ಹಿಡಿತದಲ್ಲಿಲ್ಲ ಎಂಬ ದಿಗಿಲು ಹುಟ್ಟುತ್ತದೆ. ಹಾಗಾದರೆ ಕೊಳವೆ ತೆಗೆದು ಎರಡು ಉಸಿರು ಗಾಳಿ ಎಳೆಯಿರಿ. ನೈಟ್ರಸ್ ಎಷ್ಟು ಬೇಗ ಏರುತ್ತದೋ ಅಷ್ಟೇ ಬೇಗ ಇಳಿಯುತ್ತದೆ. ವಾಕರಿಕೆ ಬಂದರೂ ಅದೇ ಮದ್ದು.

ಒಂದು ಎಚ್ಚರಿಕೆ. ಗರ್ಭಕಂಠವನ್ನು ಹಿಗ್ಗಿಸುವಾಗ ಕೆಲವರಿಗೆ ನಾಡಿ ಇಳಿದು, ಬೆವರಿ, ಕಣ್ಣು ಕತ್ತಲಿಡುತ್ತದೆ. ಗ್ಯಾಸ್ ಇದನ್ನು ತಡೆಯುವುದಿಲ್ಲ, ಬದಲಿಗೆ ಗ್ಯಾಸಿನ ತಲೆಸುತ್ತೆಂದು ನೀವೇ ಅದನ್ನು ಕಡೆಗಣಿಸಬಹುದು. ತಣ್ಣನೆ ಬೆವರು, ಕಿವಿಯಲ್ಲಿ ಗುಂಯ್ ಎಂಬ ಸದ್ದು ಇದ್ದರೆ ಆಗಲೇ ಹೇಳಿ. ಕೆಲಸ ನಿಲ್ಲಿಸಿ ಕಾಲು ಮೇಲೆತ್ತಿದರೆ ಹೆಚ್ಚಿನ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಹೆಜ್ಜೆ 7: "ನಿಲ್ಲಿಸಿ" ಅನ್ನುವುದಕ್ಕೆ ಒಂದು ಸನ್ನೆ

ಬಾಯಲ್ಲಿ ಕೊಳವೆ ಇದ್ದಾಗ ಮಾತು ಹೊರಡುವುದಿಲ್ಲ. ಸನ್ನೆ ಮೊದಲೇ ಗೊತ್ತುಮಾಡಿಕೊಳ್ಳಿ: ಕೊಳವೆ ಹಿಡಿಯದ ಕೈ ಮೇಲೆತ್ತಿದರೆ ನಿಲ್ಲಿಸಬೇಕು. ಡಾಕ್ಟರು, ನರ್ಸ್ ಇಬ್ಬರೂ ಹೂಂ ಅಂದ ಮೇಲೆ ಮಲಗಿ. ಜೊತೆಗೆ ಒಬ್ಬರನ್ನು ನಿಮ್ಮ ತಲೆಯ ಬಳಿ ನಿಲ್ಲಿಸಲು ಕೇಳಿ. ಅವರ ಕಣ್ಣು ನಿಮ್ಮ ಮುಖದ ಮೇಲಿರಲಿ, ಕ್ಯಾಮೆರಾದ ಪರದೆಯ ಮೇಲಲ್ಲ.

ಕೈ ಎತ್ತಿದ ಮೇಲೆ ಮೂರು ದಾರಿ. ಇನ್ನಷ್ಟು ಉಸಿರು ಎಳೆದು ಮುಂದುವರಿಯುವುದು, ಮರಗಟ್ಟಿಸುವ ಔಷಧ ಸೇರಿಸುವುದು, ಅಥವಾ ಇವತ್ತಿಗೆ ಬಿಟ್ಟು ಇನ್ನೊಂದು ದಿನ ಅರಿವಳಿಕೆಯಲ್ಲಿ ಮಾಡುವುದು. ಮೂರನೆಯದನ್ನು ಆರಿಸಿದವರನ್ನು ಹೇಡಿ ಅನ್ನುವವರಿದ್ದಾರೆ. ಅವರ ಗರ್ಭಕಂಠಕ್ಕೆ ಯಾರೂ ಇಕ್ಕಳ ಹಾಕಿಲ್ಲ ಅಂದುಕೊಳ್ಳಿ. ಗ್ಯಾಸಿನ ಮತ್ತಿನಲ್ಲಿ ಹೇಳಿದ ಬೇಡವೂ ಬೇಡವೇ. ಹೊಸದಾಗಿ ಏನನ್ನಾದರೂ ಒಪ್ಪಬೇಕಾಗಿ ಬಂದರೆ ಮಾತ್ರ, ಉದಾಹರಣೆಗೆ "ಹೇಗೂ ಒಳಗಿದ್ದೇವೆ, ಆ ಗಡ್ಡೆಯನ್ನೂ ತೆಗೆದುಬಿಡಲಾ" ಎಂದರೆ, ಕೊಳವೆ ಕೆಳಗಿಟ್ಟು ತಲೆ ತಿಳಿಯಾದ ಮೇಲೆ ಉತ್ತರಿಸಿ. ಆ ಸಾಧ್ಯತೆಯನ್ನು ಮೊದಲೇ ಮಾತಾಡಿಕೊಂಡಿದ್ದರೆ ಇನ್ನೂ ಒಳ್ಳೆಯದು.

ಹೆಜ್ಜೆ 8: ಎದ್ದು ಹೊರಡುವುದು

ನೈಟ್ರಸ್ ಐದು ನಿಮಿಷದಲ್ಲಿ ಇಳಿದರೂ ಜಿಗಿದು ಏಳಬೇಡಿ. ಮೊದಲು ಪಕ್ಕಕ್ಕೆ ಹೊರಳಿ, ಕೂತು, ಕಾಲು ಇಳಿಬಿಟ್ಟು, ಆಮೇಲೆ ನಿಲ್ಲಿ. ಕನಿಷ್ಠ ಅರ್ಧ ಗಂಟೆ ಅಲ್ಲೇ ಇರಿ. ಗ್ಯಾಸಿಗಿಂತ ಹೆಚ್ಚಾಗಿ ಹೊಟ್ಟೆಯ ಸೆಳೆತಕ್ಕೆ ಈ ವಿರಾಮ ಬೇಕು. ಮೆಥಾಕ್ಸಿಫ್ಲೂರೇನಿನ ಮಂಪರು ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತದೆ. ಆ ದಿನ ಗಾಡಿ ಓಡಿಸುವುದು, ಸಹಿ ಹಾಕುವ ದೊಡ್ಡ ಕೆಲಸ ಬೇಡ.

ಮನೆಯಲ್ಲಿ ಒಂದೆರಡು ದಿನ ಮುಟ್ಟಿನಂಥ ನೋವು, ತುಸು ರಕ್ತ ಸಹಜ. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುವಂತೆ ಎರಡು ಗಂಟೆ ಹರಿದರೆ, ಜ್ವರ ಬಂದರೆ, ಕೆಟ್ಟ ವಾಸನೆಯ ಸ್ರಾವವಾದರೆ, ಮಾತ್ರೆ ನುಂಗಿದರೂ ನೋವು ಏರುತ್ತಲೇ ಹೋದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ನೆನಪು ಹಸಿಯಾಗಿರುವಾಗಲೇ ಫೋನಿನಲ್ಲಿ ನಾಲ್ಕು ಸಾಲು ಬರೆದಿಡಿ: ಯಾವ ಗ್ಯಾಸ್, ಎಷ್ಟು ಉಸಿರಿಗೆ ಏರಿತು, ಎಲ್ಲಿ ಸಾಲದಾಯಿತು, ವಾಕರಿಕೆ ಬಂತೇ. ಹಾಕಿದ ಸಾಧನವನ್ನು ಒಂದು ದಿನ ತೆಗೆಸಲೇಬೇಕು, ತೆಗೆದ ಚೂರಿನ ಫಲಿತಾಂಶ ಮತ್ತೊಂದು ಭೇಟಿ ಕೇಳಬಹುದು. ನನ್ನ ಫೋನಿನಲ್ಲಿರುವ ಸಾಲು ಇದು: "ನೈಟ್ರಸ್. ಐದಕ್ಕೆ ತುಟಿ ಜುಮ್ಮು, ಎಂಟಕ್ಕೆ ಸರಿಯಾಯಿತು. ನೀರು ಬಿಟ್ಟಾಗ ಸಾಲಲಿಲ್ಲ. ಮುಂದಿನ ಸಲ ಇಂಜೆಕ್ಷನ್ನೂ ಕೇಳು."